ದನಿ ಕೇಳದೆ ತೀರ್ಮಾನ ಮಾಡಬೇಕಾದ ಕಾರು

"ಬೇಡ, ದಯವಿಟ್ಟು ಕೀ ತಿರುಗಿಸಬೇಡಿ" ಅಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಬಂತು. ಜಂಪರ್ ಕೇಬಲ್ ಹಿಡಿದುಕೊಂಡು ಬರುತ್ತಿದ್ದವರು ಅಲ್ಲೇ ನಿಂತುಬಿಟ್ಟರು.

ಪಾಪ, ಸಹಾಯ ಮಾಡೋಣ ಅಂತಲೇ ಬಂದವರು. ಕಾರು ಮಾರುತ್ತಿರುವವರ ತಮ್ಮ. "ಬ್ಯಾಟರಿ ಕೊಟ್ಟು ಒಂದೇ ಒಂದು ಸೆಲ್ಫ್ ಹೊಡೆದು ನೋಡೋಣ ಮೇಡಂ. ಸ್ಟಾರ್ಟ್ ಆದರೆ ನಿಮಗೂ ಸಮಾಧಾನ, ಅಕ್ಕನಿಗೂ ಸಮಾಧಾನ" ಅಂದಿದ್ದರು. ಮಾತು ನ್ಯಾಯವಾದದ್ದೇ. ಕೊಳ್ಳುವ ಕಾರಿನ ದನಿಯನ್ನು ಒಮ್ಮೆಯಾದರೂ ಕೇಳಬೇಕು ಅಂತ ಯಾರಿಗೆ ತಾನೇ ಅನ್ನಿಸೋದಿಲ್ಲ? ನನಗೂ ಆಸೆ ಇತ್ತು. ಆದರೆ ಆ ಒಂದು ಸೆಲ್ಫ್ ಈ ಇಂಜಿನ್ನನ್ನು ಅಲ್ಲೇ ಮುಗಿಸಿಬಿಡಬಹುದಿತ್ತು.

ಕಾರು 1987ರ ಪೋರ್ಷೆ 944. ಒಂಬತ್ತು ವರ್ಷದಿಂದ ನಿಂತಲ್ಲೇ ನಿಂತಿದೆ. ಬಣ್ಣ ಕೆಂಪು. ಬಿಸಿಲು ಬೀಳುವ ಬಾನೆಟ್ ಮೇಲೆ ಮಾತ್ರ ಆ ಕೆಂಪು ಹೋಗಿ, ಒಣಗಿದ ಇಟ್ಟಿಗೆಯ ಬಣ್ಣ ಬಂದಿದೆ. ಕೈಯಿಂದ ಉಜ್ಜಿದರೆ ಬೆರಳಿಗೆ ಗುಲಾಬಿ ಪುಡಿ ಅಂಟುತ್ತದೆ.

ಈ ಇಂಜಿನ್‌ನಲ್ಲಿ ಸಿಲಿಂಡರಿನೊಳಗೆ ಮೇಲೆ ಕೆಳಗೆ ಹೋಗುವ ಪಿಸ್ಟನ್ನಿಗೂ ಗಾಳಿ-ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವಿಗೂ ಓಡಾಡುವ ಜಾಗ ಒಂದೇ. ಒಂದು ಮೇಲೆ ಬರುವಾಗ ಇನ್ನೊಂದು ಸರಿದಿರಬೇಕು. ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು ಮುಂದುಗಡೆಯ ಒಂದು ಹಲ್ಲಿನ ರಬ್ಬರ್ ಬೆಲ್ಟ್. ಅದು ಹರಿದರೆ, ಅಥವಾ ಕೆಲವು ಹಲ್ಲು ಜಾರಿದರೂ ಸಾಕು, ಪಿಸ್ಟನ್ ಬಂದು ತೆರೆದ ವಾಲ್ವಿಗೆ ಗುದ್ದುತ್ತದೆ. ವಾಲ್ವ್ ಸೊಟ್ಟಗಾಗುತ್ತದೆ. ಆಮೇಲೆ ಹೆಡ್, ಅಂದರೆ ವಾಲ್ವುಗಳಿರುವ ಇಂಜಿನ್ನಿನ ಮೇಲ್ಭಾಗ, ಬಿಚ್ಚದೆ ಬೇರೆ ದಾರಿ ಇಲ್ಲ. ಅದಕ್ಕೇ 944 ಇಟ್ಟುಕೊಂಡವರು ಬೆಲ್ಟಿನ ವಿಷಯದಲ್ಲಿ ಅಷ್ಟು ಹುಷಾರು. ಹೆಚ್ಚಿನವರು 4 ವರ್ಷಕ್ಕೊಮ್ಮೆ, ಇಲ್ಲವೇ ಸುಮಾರು 70 ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸುತ್ತಾರೆ. ಈ ಕಾರಿನ ಬೆಲ್ಟಿಗೆ, ಸಿಕ್ಕ ಬಿಲ್ಲುಗಳ ಪ್ರಕಾರ, 13 ವರ್ಷ. ಅದರಲ್ಲಿ ಒಂಬತ್ತು ವರ್ಷ ಒಂದೇ ಭಂಗಿಯಲ್ಲಿ ಬಾಗಿ ನಿಂತು ಗಟ್ಟಿಯಾಗಿದೆ.

ಹಾಗಾಗಿ ನನ್ನ ಮುಂದೆ ಇದ್ದ ಪ್ರಶ್ನೆ ಇದು. ಸ್ಟಾರ್ಟ್ ಮಾಡಿ ನೋಡುವ ಹಾಗಿಲ್ಲ. ಓಡಿಸಿ ನೋಡುವ ಮಾತಂತೂ ಇಲ್ಲ. ದನಿ ಕೇಳದೆ ತೀರ್ಮಾನ ಮಾಡಬೇಕು. ಹೇಗೆ?

ಈ ಕಾರೇ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಎಂಟು ವರ್ಷದ ಹಿಂದೆ ಸ್ನೇಹಿತೆಯೊಬ್ಬಳು ತನ್ನ 944ರ ಕೀ ನನ್ನ ಕೈಗೆ ಕೊಟ್ಟಿದ್ದಳು. ಸಂಜೆ ಹೊತ್ತು, ಖಾಲಿ ರಸ್ತೆ, ಉದ್ದನೆಯ ಒಂದು ತಿರುವು. ತಿರುವಿನ ಮಧ್ಯದಲ್ಲಿ ಸ್ಟಿಯರಿಂಗ್ ಇನ್ನೊಂಚೂರು ತಿರುಗಿಸಿದೆ. ಕಾರು ಗಲಿಬಿಲಿ ಇಲ್ಲದೆ ಅಷ್ಟೇ ತಿರುಗಿತು, ಅಷ್ಟೇ. ಮೂತಿ ಹೊರಗೆ ಎಳೆಯಲಿಲ್ಲ, ಹಿಂಭಾಗ ಜಾರಲಿಲ್ಲ. ಅದಕ್ಕೆ ಕಾರಣ ಕಾರಿನ ರಚನೆಯಲ್ಲೇ ಇದೆ. ಇಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ನಡುವೆ. ಇವೆರಡನ್ನೂ ಸೇರಿಸುವುದು ಮಧ್ಯದಲ್ಲಿ ಹಾಯ್ದು ಹೋಗುವ ಒಂದು ಗಟ್ಟಿ ಕೊಳವೆ, ಅದರೊಳಗೆ ಒಂದು ಸಣ್ಣ ಶಾಫ್ಟ್. ಭಾರ ಮುಂದೆ ಹಿಂದೆ ಹೆಚ್ಚುಕಡಿಮೆ ಸಮ. ನನ್ನ ಕೈಗೆ ಆ ಸಂಜೆ ಸಿಕ್ಕಿದ್ದು ಆ ಸಮ. ಇವತ್ತಿಗೂ ಮರೆತಿಲ್ಲ.

ಇದು ಅಪರೂಪದ ಕಾರೇನೂ ಅಲ್ಲ. 1982ರಿಂದ 1991ರವರೆಗೆ ಸುಮಾರು 1 ಲಕ್ಷ 63 ಸಾವಿರ ಕಾರು ತಯಾರಾಗಿವೆ. ಬಹುಪಾಲು ಜರ್ಮನಿಯ ನೆಕರ್ಸುಲ್ಮ್‌ನಲ್ಲಿರುವ ಔಡಿ ಕಾರ್ಖಾನೆಯಲ್ಲಿ. ನಾಲ್ಕು ಸಿಲಿಂಡರಿನ 2.5 ಲೀಟರ್ ಇಂಜಿನ್. ಅಷ್ಟು ದೊಡ್ಡ ನಾಲ್ಕು ಸಿಲಿಂಡರ್ ಅಂದರೆ ನಡುಗೋದು ಸಹಜ. ಆ ನಡುಕ ತಡೆಯೋಕೆ ಇಂಜಿನ್ ಒಳಗೆ ಎರಡು ಬ್ಯಾಲೆನ್ಸ್ ಶಾಫ್ಟ್ ಇಟ್ಟರು. ಆ ವಿನ್ಯಾಸಕ್ಕೆ ಮಿತ್ಸುಬಿಷಿಯಿಂದ ಪರವಾನಗಿ ತೆಗೆದುಕೊಂಡಿದ್ದರು. ಈ ಶಾಫ್ಟ್‌ಗಳಿಗೆ ಬೇರೆಯೇ ಒಂದು ಬೆಲ್ಟ್. ಅಂದರೆ ಹಳೆಯದಾಗೋಕೆ ಒಂದಲ್ಲ, ಎರಡು ಬೆಲ್ಟ್.

ಅಪರೂಪ ಅಲ್ಲದಿರುವುದು ನನಗೆ ಒಳ್ಳೆಯದೇ ಆಯಿತು. ಬಿಡಿಭಾಗ ಇನ್ನೂ ಸಿಗುತ್ತವೆ. ಆದರೆ ಇದರಲ್ಲೇ ಒಂದು ತೊಂದರೆಯೂ ಇದೆ. ಚೆನ್ನಾಗಿ ಓಡುತ್ತಿರುವ 944 ಕೂಡ ಸಿಗುತ್ತದೆ. ನಿಂತ ಕಾರು ತಂದು, ಅದಕ್ಕೆ ಮಾಡಿದ ಖರ್ಚೆಲ್ಲ ಕೂಡಿಸಿದರೆ, ಓಡುವ ಕಾರನ್ನೇ ಕೊಳ್ಳಬಹುದಿತ್ತು ಅನ್ನೋ ಲೆಕ್ಕ ನೂರಕ್ಕೆ ತೊಂಬತ್ತು ಸಲ ನಿಜವಾಗುತ್ತದೆ. ಹಾಗಾಗಿ ಉಳಿತಾಯಕ್ಕೆ ಅಂತ ನಿಂತ ಕಾರು ಕೊಳ್ಳಬಾರದು. ಆ ಕೆಲಸವೇ ಬೇಕು ಅನ್ನಿಸಿದವರು ಮಾತ್ರ ಕೊಳ್ಳಬೇಕು. ನನಗೆ ಆ ಕೆಲಸ ಬೇಕು. ಇದನ್ನು ಮನಸ್ಸಿಗೆ ಸ್ಪಷ್ಟ ಮಾಡಿಕೊಂಡ ಮೇಲೇ ಅಪ್ಪನನ್ನು ಕರೆದುಕೊಂಡು ಕಾರು ನೋಡೋಕೆ ಹೋದದ್ದು.

ಅಪ್ಪ ಲೇತ್ ಮೇಲೆ ಮೂವತ್ತೈದು ವರ್ಷ ಕೆಲಸ ಮಾಡಿದವರು. ಕಾರು ರಿಪೇರಿ ಅವರ ಕಸುಬಲ್ಲ. ಆದರೆ ಲೋಹಕ್ಕೆ ಏನಾಗಿದೆ ಅಂತ ಬೆರಳಲ್ಲಿ ಮುಟ್ಟಿ ಹೇಳುತ್ತಾರೆ. ಅವರು ಕಾರಿನ ಹತ್ತಿರ ಹೋಗಲೇ ಇಲ್ಲ. ಮೊದಲು ಒಡತಿಯನ್ನು ಕೇಳಿದರು. "ಅಮ್ಮಾ, ಇದು ನಿಂತದ್ದು ಯಾಕೆ?"

ನಾನು ಇಷ್ಟು ದಿನ ಇಂಜಿನ್, ಬೆಲ್ಟ್, ತುಕ್ಕು ಅಂತ ತಲೆ ಕೆಡಿಸಿಕೊಂಡಿದ್ದೆ. ಈ ಪ್ರಶ್ನೆ ಕೇಳಿರಲೇ ಇಲ್ಲ.

ಅವರು ನೆನಪು ಮಾಡಿಕೊಂಡು ಹೇಳಿದರು. ಒಂದು ದಿನ ಸಿಗ್ನಲ್ ಹತ್ತಿರ ಕ್ಲಚ್ ಒತ್ತಿದ್ದಾರೆ. ಪೆಡಲ್ ಕೆಳಗೆ ಹೋದದ್ದು ಮೇಲೆ ಬರಲೇ ಇಲ್ಲ. ಗೇರ್ ಬೀಳಲಿಲ್ಲ. ಎಳೆಸಿಕೊಂಡು ಮನೆಗೆ ಬಂದರು. "ಮುಂದಿನ ತಿಂಗಳು ಮಾಡಿಸೋಣ ಅಂದುಕೊಂಡೆ ಅಷ್ಟೇ. ಆಮೇಲೆ ಅಮ್ಮನಿಗೆ ಹುಷಾರಿಲ್ಲದೆ ಆಯ್ತು. ಆಮೇಲೆ ಕೆಲಸ ಬದಲಾಯ್ತು." ಹೇಳುತ್ತಾ ಹೇಳುತ್ತಾ ಬಾನೆಟ್ ಮೇಲೆ ಕೈ ಇಟ್ಟರು, ತೆಗೆಯಲಿಲ್ಲ. ಈ ಕಾರನ್ನು ಅವರು ತಮ್ಮ ಸ್ವಂತ ದುಡಿಮೆಯಲ್ಲಿ ಕೊಂಡು, ಹನ್ನೆರಡು ವರ್ಷ ದಿನಾ ಓಡಿಸಿದ್ದರು.

ಪೆಡಲ್ ಕೆಳಗೇ ಉಳಿದುಬಿಡೋದು ಸಾಮಾನ್ಯವಾಗಿ ಕ್ಲಚ್ಚಿನ ಆಯಿಲ್ ಸೋರಿ, ಒತ್ತಡ ಹೋದದ್ದರ ಗುರುತು. ಒಂದು ರಬ್ಬರ್ ಸೀಲ್. ಅದು ಸಣ್ಣ ಕೆಲಸ. ಇನ್ನೊಂದು ಸಾಧ್ಯತೆಯೂ ಇತ್ತು. ಈ ಕಾರುಗಳ ಹಳೆಯ ಕ್ಲಚ್ ಪ್ಲೇಟಿನ ನಡುವೆ ರಬ್ಬರ್ ಇರುತ್ತದೆ. ವಯಸ್ಸಾದ ಮೇಲೆ ಅದು ಪುಡಿಪುಡಿಯಾಗುತ್ತದೆ. ಹಾಗಾಗಿದ್ದರೆ ಕೆಲಸ ದೊಡ್ಡದು. ಕ್ಲಚ್ ಮುಟ್ಟಬೇಕಾದರೆ ಸೈಲೆನ್ಸರ್ ಪೈಪ್ ಇಳಿಸಬೇಕು, ಹಿಂದಿನ ಗೇರ್‌ಬಾಕ್ಸ್ ಬಿಚ್ಚಬೇಕು, ಮಧ್ಯದ ಕೊಳವೆಯನ್ನು ಹಿಂದಕ್ಕೆ ಸರಿಸಬೇಕು. ಭಾರ ಸಮ ಮಾಡಿದ ಅದೇ ರಚನೆ ಇಲ್ಲಿ ಕೆಲಸವನ್ನು ಮೂರು ಪಟ್ಟು ಮಾಡುತ್ತದೆ. ನಾನು ಬಗ್ಗಿ ಆಯಿಲ್ ಡಬ್ಬಿ ನೋಡಿದೆ. ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಕ್ಲಚ್ಚಿಗೆ ಹೋಗುವ ಪೈಪಿನ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು. ಕ್ಲಚ್ ಇರುವ ಜಾಗದ ಕೆಳಗೆ, ನೆಲದ ಮೇಲೆ, ಒಣಗಿದ ಕಂದು ಕಲೆ. ಸೀಲೇ ಇರಬೇಕು.

ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಭಾಗಕ್ಕೆ ಒಂಬತ್ತು ವರ್ಷ ಹೋಗಿತ್ತು. ನನ್ನ ಲೆಕ್ಕ ಅಲ್ಲಿಂದಲೇ ಬದಲಾಯಿತು. ಯಾವ ಕಾರಣಕ್ಕೆ ನಿಂತಿತೋ ಅದು ಒಂದು ಖರ್ಚು. ನಿಂತಿದ್ದರಿಂದ ಆದದ್ದು ಇನ್ನೊಂದು ಖರ್ಚು. ಎರಡನೆಯದೇ ಯಾವಾಗಲೂ ಜಾಸ್ತಿ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದಾಗ ಪೆಟ್ರೋಲ್ ವಾಸನೆ ಬರಲಿಲ್ಲ. ಹಳೆಯ ವಾರ್ನಿಷ್ ಡಬ್ಬಿ ತೆಗೆದ ಹಾಗಿತ್ತು. ಟ್ಯಾಂಕ್ ತೊಳೆಯಬೇಕು, ಪಂಪ್ ಬಹುಶಃ ಹೋಗಿದೆ, ಇಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳು ಅಂಟಿಕೊಂಡಿರುತ್ತವೆ. ಇಂಜಿನ್ ಕಡೆಯ ಪೆಟ್ರೋಲ್ ರಬ್ಬರ್ ಪೈಪ್ ಬಾಗಿಸಿದೆ. ಬಿರುಕು ಬಿಟ್ಟಿತು. ಬಿಸಿ ಇಂಜಿನ್ ಮೇಲೆ ಒತ್ತಡದ ಪೆಟ್ರೋಲ್ ಹೋಗುವ ಪೈಪ್ ಅದು. ಇದರಲ್ಲಿ ಉಳಿಸೋಕೆ ಹೋಗಲೇಬಾರದು, ಬೆಂಕಿ ಹತ್ತಿಕೊಳ್ಳುತ್ತದೆ. ಬ್ರೇಕ್ ನಾಲ್ಕೂ ಕಚ್ಚಿಕೊಂಡಿವೆ. ಟೈರಿನ ಮೇಲಿನ ಹೂವು, ಅಂದರೆ ಕೊರೆದ ಗೀರುಗಳು, ಇನ್ನೂ ಚೆನ್ನಾಗಿದೆ. ಆದರೆ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ 2309 ಅಂತಿತ್ತು. 2009ರ 23ನೇ ವಾರದಲ್ಲಿ ತಯಾರಾದದ್ದು. ಹೂವು ನೋಡಿ ಮೋಸ ಹೋಗಬಾರದು. ಅವು ಕಾರನ್ನು ಟ್ರೈಲರ್ ಮೇಲೆ ಹತ್ತಿಸೋಕೆ ಮಾತ್ರ.

ಇವೆಲ್ಲ ಬರೆದುಕೊಂಡೆ. ಇವು ಯಾವುದೂ ನನ್ನನ್ನು ಹೆದರಿಸಲಿಲ್ಲ. ನಿಂತ ಕಾರು ಅಂದಮೇಲೆ ಇವು ಇದ್ದೇ ಇರುತ್ತವೆ, ಎಷ್ಟಾಗುತ್ತದೆ ಅಂತ ಮೊದಲೇ ಗೊತ್ತು.

ಹೆದರಿಸಿದ್ದು ಎರಡು. ಮೊದಲನೆಯದು ಕೂಲೆಂಟ್, ಅಂದರೆ ಇಂಜಿನ್ ತಣಿಸುವ ನೀರಿನ, ಡಬ್ಬಿ. ಮುಚ್ಚಳ ತಿರುಗಿಸಿದಾಗ ಒಳಗಡೆ ಕಂದು ಬಣ್ಣದ ಕೆನೆ ಕಟ್ಟಿತ್ತು. ಇಂಜಿನ್ ಆಯಿಲ್ ನೀರಿಗೆ ಸೇರಿದೆ. ನೋಡಿದ ತಕ್ಷಣ ನನ್ನ ಬಾಯಿಂದ ಬಂದದ್ದು "ಹೆಡ್ ಗ್ಯಾಸ್ಕೆಟ್ ಹೋಗಿದೆ ಅಪ್ಪಾ, ನಡೀರಿ ಹೋಗೋಣ" ಅಂತ. ಹೆಡ್ಡಿಗೂ ಅದರ ಕೆಳಗಿನ ಇಂಜಿನ್ ಭಾಗಕ್ಕೂ ನಡುವಿನ ಸೀಲು ಅದು.

"ತಡಿ ಪುಟ್ಟಿ. ಆಯಿಲ್ ಕಡ್ಡಿ ಎಳೆದು ನೋಡು" ಅಂದರು.

ಕಡ್ಡಿ ಎಳೆದೆ. ಆಯಿಲ್ ಕಪ್ಪಗಿತ್ತು, ಹಳೆಯದು, ಆದರೆ ಶುದ್ಧ. ಎರಡು ಬೆರಳ ನಡುವೆ ಉಜ್ಜಿದೆ. ಬಿಳಿಚಿಕೊಂಡಿಲ್ಲ, ನೀರಿನ ಹನಿ ಇಲ್ಲ. ಆಗ ಓದಿದ್ದು ನೆನಪಾಯಿತು. ಈ ಇಂಜಿನ್‌ಗೆ ಪಕ್ಕದಲ್ಲೇ ಒಂದು ಆಯಿಲ್ ಕೂಲರ್ ಇದೆ. ಅದರೊಳಗೆ ಆಯಿಲ್ ಒಂದು ಕಡೆ, ನೀರು ಇನ್ನೊಂದು ಕಡೆ, ನಡುವೆ ರಬ್ಬರ್ ಸೀಲುಗಳು. ಸೀಲ್ ಹೋದರೆ, ಇಂಜಿನ್ ಓಡುವಾಗ ಆಯಿಲ್ ಒತ್ತಡ ನೀರಿನ ಒತ್ತಡಕ್ಕಿಂತ ಜಾಸ್ತಿ ಇರುವುದರಿಂದ, ಆಯಿಲ್ ನೀರಿನ ಕಡೆ ನುಗ್ಗುತ್ತದೆ. ನೀರು ಕೆನೆಯಾಗುತ್ತದೆ, ಆಯಿಲ್ ಹಾಗೇ ಉಳಿಯುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಹೆಚ್ಚಾಗಿ ಆಯಿಲ್ ಕೂಡ ಹಾಳಾಗಿರುತ್ತದೆ. ಖಾತ್ರಿ ಅಂತ ಹೇಳೋಕಾಗಲ್ಲ. ಆದರೆ ತಕ್ಕಡಿ ಸೀಲಿನ ಕಡೆಗೇ ವಾಲಿತ್ತು. ಎದ್ದು ಹೊರಟಿದ್ದವಳು ಮತ್ತೆ ಕೂತೆ.

ಎರಡನೆಯದು ನೀರು. ಈ ಕಾರಿನಲ್ಲಿ ಬ್ಯಾಟರಿ ಇರುವುದು ಗಾಜಿನ ಕೆಳಗೆ, ಇಂಜಿನ್ ಹಿಂದಿನ ಗುಂಡಿಯಲ್ಲಿ. ಹಳೆಯ ಬ್ಯಾಟರಿ ಆಮ್ಲ ಕಕ್ಕಿ ಕಕ್ಕಿ ಅದರ ತಟ್ಟೆ ತೂತಾಗುತ್ತದೆ. ಮಳೆ ನೀರು ಆ ತೂತಿನಿಂದ ಒಳಗಿಳಿಯುತ್ತದೆ. ಇಳಿದದ್ದು ಎಲ್ಲಿಗೆ ಅಂದರೆ, ಪಕ್ಕದ ಸೀಟಿನವರು ಕಾಲಿಡುವ ಜಾಗಕ್ಕೆ. ಅಲ್ಲೇ ಹಲಗೆಯ ಕೆಳಗೆ ಇಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ಕಾರ್ಪೆಟ್ ಒತ್ತಿದೆ. ಸ್ಪಂಜು ಹಿಂಡಿದ ಹಾಗೆ ನೀರು ಬೆರಳ ನಡುವೆ ಬಂತು. ಹಲಗೆ ಎತ್ತಿದರೆ ಅಡಿಯಲ್ಲಿ ಇಲಿ ಗೂಡು. ಸೀಟಿನ ಹತ್ತಿ, ಕಾಗದದ ಚೂರು, ಒಣಗಿದ ಎಲೆ. ಪೆಟ್ಟಿಗೆಯ ಮೇಲೆ ಬಿಳಿ ಪುಡಿ ಕಟ್ಟಿತ್ತು. ಅಪ್ಪ ಕನ್ನಡಕ ಏರಿಸಿಕೊಂಡು ಪಿನ್ನುಗಳ ಸಾಲನ್ನು ಒಂದೊಂದಾಗಿ ಟಾರ್ಚ್ ಹಾಕಿ ನೋಡಿದರು. ಐದು ನಿಮಿಷ ಮಾತಿಲ್ಲ. "ಪಿನ್ನು ಹಸಿರಾಗಿಲ್ಲ. ನೀರು ಇಷ್ಟು ಎತ್ತರ ಬಂದಿಲ್ಲ" ಅಂದರು. ಪೆಟ್ಟಿಗೆಯ ಕೆಳ ಅಂಚಿನಿಂದ ಒಂದು ಬೆರಳಷ್ಟು ಕೆಳಗೆ ನೀರಿನ ಗೆರೆ ಕಾಣುತ್ತಿತ್ತು.

ತಗಡಿನ ವಿಷಯದಲ್ಲಿ ಮಾತ್ರ ಈ ಕಾರು ನಂಬಿಕೆಯ ಕಾರು. ಇಡೀ ಬಾಡಿಯ ತಗಡಿಗೆ ಎರಡೂ ಕಡೆ ಸತುವಿನ ಲೇಪ ಇದೆ. ಅಪಘಾತವಾಗಿ ಉಜ್ಜಿ ಬೆಸೆದ ಜಾಗದಲ್ಲಿ ಆ ಲೇಪ ಹೋಗಿರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಬಾಗಿಲ ಕೆಳಗಿನ ಪಟ್ಟಿ, ಜ್ಯಾಕ್ ಇಡುವ ಜಾಗ, ಸ್ಟೆಪ್ನಿ ಗುಂಡಿ ಎಲ್ಲ ತಟ್ಟಿ ನೋಡಿದೆವು. ಬ್ಯಾಟರಿ ತಟ್ಟೆ ಬಿಟ್ಟರೆ ಎಲ್ಲೆಡೆ ಗಟ್ಟಿ ಶಬ್ದ.

ಕಿಲೋಮೀಟರ್ ಎಷ್ಟು ಓಡಿದೆ ಅಂತ ನಾನು ಕೇಳಲೇ ಇಲ್ಲ. ಮೀಟರ್ 1,48,230 ಅನ್ನುತ್ತಿತ್ತು. ಫೈಲಿನಲ್ಲಿ 13 ವರ್ಷ ಹಿಂದಿನ ಬೆಲ್ಟ್ ಬಿಲ್ ಇತ್ತು. ಅದರಲ್ಲಿ 1,48,212. ಅದಾದ ಮೇಲೆ ನಾಲ್ಕು ವರ್ಷ ಓಡಿದೆ. ಹದಿನೆಂಟು ಕಿಲೋಮೀಟರ್ ಅಂತೂ ಅಲ್ಲ. ಈ ಮೀಟರಿನೊಳಗಿನ ಪ್ಲಾಸ್ಟಿಕ್ ಗೇರ್ ಮುರಿಯೋದು ಈ ಕಾರುಗಳಲ್ಲಿ ಸಾಮಾನ್ಯ. ಮುಳ್ಳು ಓಡುತ್ತದೆ, ಅಂಕಿ ನಿಂತುಬಿಡುತ್ತದೆ. ಒಡತಿಗೆ ಇದು ಗೊತ್ತೇ ಇರಲಿಲ್ಲ. ಅವರ ಮೇಲೆ ಒಂದಿಷ್ಟೂ ಅನುಮಾನ ಬರಲಿಲ್ಲ. ಮೀಟರಿನ ಅಂಕಿಗಿಂತ ಆ ಬಿಲ್ಲಿನ ಫೈಲೇ ಹೆಚ್ಚು ಬೆಲೆಬಾಳುವುದು. ಹನ್ನೆರಡು ವರ್ಷದ ಪ್ರತಿ ಆಯಿಲ್ ಬದಲಾವಣೆ ಅದರಲ್ಲಿದೆ, ತಾರೀಖಿನ ಸಮೇತ.

ಇನ್ನು ಉಳಿದದ್ದು ಇಂಜಿನ್. ಜಾಮ್ ಆಗಿದೆಯೋ ಇಲ್ಲವೋ?

ಜಾಮ್ ಆಗಿದ್ದರೆ ಈ ಇಂಜಿನ್‌ನಲ್ಲಿ ಅದು ಸಣ್ಣ ವಿಷಯ ಅಲ್ಲ. ಬ್ಲಾಕ್‌ಗೆ, ಅಂದರೆ ಸಿಲಿಂಡರುಗಳಿರುವ ಅಚ್ಚಿಗೆ, ಒಳಗೆ ಕಬ್ಬಿಣದ ಕೊಳವೆಯ ಲೈನರ್ ಇಲ್ಲ. ಅಲ್ಯುಮಿನಿಯಂ ಜೊತೆ ಸಿಲಿಕಾನ್ ಬೆರೆಸಿದ ಅಲುಸಿಲ್ ಅನ್ನುವ ಲೋಹ. ಅದರ ಮೇಲೇ ನೇರವಾಗಿ ಪಿಸ್ಟನ್ ಓಡುತ್ತದೆ. ಪಿಸ್ಟನ್ನಿಗೆ ತೆಳ್ಳಗೆ ಕಬ್ಬಿಣದ ಲೇಪ ಇರುತ್ತದೆ. ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಗೀಚಿಹೋದರೆ ಮಾಮೂಲಿ ಇಂಜಿನ್ನಿನಂತೆ ಸುಮ್ನೆ ಉಜ್ಜಿ ಪಿಸ್ಟನ್ ಸುತ್ತ ಹೊಸ ರಿಂಗ್ ಹಾಕಿ ಕೂರಿಸೋಕಾಗಲ್ಲ, ಅದಕ್ಕೆ ಬೇರೆಯೇ ವಿಧಾನ ಬೇಕು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಬ್ಲಾಕ್ ಮೇಲೆ ಉಗುರಿನಿಂದ ಟಕಟಕ ಅಂತ ಬಡಿದರು. "ಹಾಗಾದರೆ ಬಲವಂತ ಬೇಡ. ಎಣ್ಣೆ ಹಾಕಿ ಕಾಯೋಣ."

ಒಡತಿಯ ಅನುಮತಿ ಕೇಳಿ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿದೆವು. ಪ್ರತಿ ಸಿಲಿಂಡರಿಗೂ ತುಕ್ಕು ಬಿಡಿಸುವ ತೆಳು ಎಣ್ಣೆ ಸಿರಿಂಜಿನಿಂದ ಬಿಟ್ಟು, ತೂತುಗಳಿಗೆ ಬಟ್ಟೆ ತುರುಕಿ ಬಂದೆವು. ನಾಲ್ಕು ದಿನ ಬಿಟ್ಟು ಮತ್ತೆ ಹೋದೆವು. ಕೇಬಲ್ ಹಿಡಿದು ತಮ್ಮ ಬಂದದ್ದು ಆ ಎರಡನೇ ದಿನ.

ಅವರಿಗೆ ಬೆಲ್ಟಿನ ಕಥೆ ಹೇಳಿದೆ. ಸೆಲ್ಫ್ ಮೋಟಾರ್ ತಿರುಗಿಸಿದರೆ ಅದಕ್ಕೆ ಕಣ್ಣಿಲ್ಲ, ಏನು ಅಡ್ಡ ಬಂದರೂ ಗುದ್ದಿಕೊಂಡು ಹೋಗುತ್ತದೆ. ಕೈಯಲ್ಲಿ ತಿರುಗಿಸಿದರೆ ಅಡ್ಡ ಬಂದದ್ದು ಮಣಿಕಟ್ಟಿಗೆ ಗೊತ್ತಾಗುತ್ತದೆ, ನಿಲ್ಲಿಸಬಹುದು. ಅವರು ಕೇಬಲ್ ಸುತ್ತಿ ಕೆಳಗಿಟ್ಟು, ಟಾರ್ಚ್ ಹಿಡಿದು ನಿಂತರು.

ಮುಂದಿನ ಫ್ಯಾನ್ ಬಿಚ್ಚಿ ಜಾಗ ಮಾಡಿಕೊಂಡೆ. ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ಕೂಡಿಕೊಂಡ ಮುಖ್ಯ ಶಾಫ್ಟು, ಅದರ ಬೋಲ್ಟಿಗೆ 24ರ ಸಾಕೆಟ್ ಹಾಕಿ ಉದ್ದನೆ ಹಿಡಿ ಸಿಕ್ಕಿಸಿದೆ. ಗಡಿಯಾರದ ಮುಳ್ಳು ತಿರುಗುವ ಕಡೆಗೆ ಮಾತ್ರ ತಿರುಗಿಸಬೇಕು, ಹಿಂದಕ್ಕೆ ತಿರುಗಿಸಿದರೆ ಬೆಲ್ಟ್ ಸಡಿಲವಾಗಿ ಹಲ್ಲು ಜಾರಬಹುದು. ಭಾರ ಹಾಕಿದೆ. ಅಲುಗಲಿಲ್ಲ. ಇನ್ನೊಂಚೂರು. ಇಲ್ಲ. ಕೈ ಬಿಟ್ಟು ಉಸಿರು ತೆಗೆದುಕೊಂಡೆ. ಮೂರನೇ ಸಲ ಹಿಡಿಯ ತುದಿಗೆ ಎರಡೂ ಅಂಗೈ ಇಟ್ಟು ನಿಧಾನಕ್ಕೆ ಒರಗಿದೆ. ಒಳಗೆ ಎಲ್ಲೋ ಅಂಟು ಬಿಟ್ಟ ಹಾಗೆ "ಟಿಕ್" ಅಂತು. ಹಿಡಿ ಒಂದು ಅಂಗುಲ ಇಳಿಯಿತು. ಆಮೇಲೆ ಇನ್ನೊಂದು ಅಂಗುಲ. ಪ್ಲಗ್ ತೂತಿನ ಬಟ್ಟೆಯಿಂದ ಎಣ್ಣೆ ಜಿನುಗಿತು. ಒಡತಿ ಬಾಗಿಲ ಹತ್ತಿರದಿಂದ "ತಿರುಗ್ತಾ?" ಅಂದರು. ನನಗೆ ಉತ್ತರ ಹೇಳೋಕೆ ಬಾಯಿ ಬರಲಿಲ್ಲ, ತಲೆ ಆಡಿಸಿದೆ.

ಪೂರ್ತಿ ಎರಡು ಸುತ್ತು ಬೇಕು, ನಾಲ್ಕೂ ಸಿಲಿಂಡರಿನ ಸರದಿ ಬರೋಕೆ. ಅಪ್ಪ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜಿನ ರಬ್ಬರ್ ಪೈಪ್ ಮಾತ್ರ ತೆಗೆದು, ಪ್ಲಗ್ ತೂತಿಗೆ ಕೂರಿಸಿ, ಇನ್ನೊಂದು ತುದಿಗೆ ಹೆಬ್ಬೆರಳು ಒತ್ತಿಕೊಂಡರು. ನಾನು ತಿರುಗಿಸುತ್ತಾ ಹೋದೆ. ಒಂದನೆಯದು, ಹೆಬ್ಬೆರಳನ್ನು ತಳ್ಳಿಕೊಂಡು "ಪುಸ್" ಅಂತು. ನಾಲ್ಕನೆಯದು ಪುಸ್. ಎರಡನೆಯದು ಪುಸ್. ಮೂರನೆಯದಕ್ಕೆ ಅಪ್ಪ ಹುಬ್ಬು ಗಂಟು ಹಾಕಿದರು. "ಇನ್ನೊಂದು ಸಲ." ಮತ್ತೆ ಎರಡು ಸುತ್ತು. "ಇದರಲ್ಲಿ ಉಸಿರಿಲ್ಲ ಪುಟ್ಟಿ. ಸ್ವಲ್ಪ ಬರ್ತದೆ, ಸೋರಿ ಹೋಗ್ತದೆ."

ಒಂದು ಮಾತು ಇಲ್ಲಿ ಹೇಳಬೇಕು. ಸಿಲಿಂಡರ್ ತುಂಬ ಎಣ್ಣೆ ಇದ್ದಾಗ ರಿಂಗ್‌ಗಳ ಸಂದು ಮುಚ್ಚಿರುತ್ತದೆ. ಹಾಗಾಗಿ ಮೂರು ಸಿಲಿಂಡರ್ ಚೆನ್ನಾಗಿ ಪುಸ್ ಅಂದದ್ದನ್ನು ನಾನು ಪೂರ್ತಿ ನಂಬಲಿಲ್ಲ. ಆದರೆ ಅಷ್ಟು ಎಣ್ಣೆ ಇದ್ದೂ ಸೋರುತ್ತಿದೆ ಅಂದರೆ ಸೋರಿಕೆ ರಿಂಗಿನಲ್ಲಿ ಅಲ್ಲ, ವಾಲ್ವಿನಲ್ಲಿ. ಅಂದು ಕಾರು ನಿಂತಾಗ ಮೂರನೆಯದರ ವಾಲ್ವ್ ತೆರೆದೇ ನಿಂತಿರಬಹುದು. ಒಂಬತ್ತು ವರ್ಷದ ತೇವ ಆ ಸಂದಿನಿಂದ ಒಳಗೆ ಹೋಗಿ, ವಾಲ್ವ್ ಕೂರುವ ಜಾಗದಲ್ಲಿ ತುಕ್ಕು ಕೂತಿರಬಹುದು. ಅದಾದರೆ ಹೆಡ್ ಬಿಚ್ಚಿ ವಾಲ್ವ್ ಉಜ್ಜಿದರೆ ಸರಿ ಹೋಗುತ್ತದೆ. ಯಾವಾಗಲೋ ಯಾರೋ ಸೆಲ್ಫ್ ಹೊಡೆದು ವಾಲ್ವ್ ಸೊಟ್ಟಗಾಗಿದ್ದರೂ ಹೀಗೇ ಇರುತ್ತದೆ. ಹೊರಗಿನಿಂದ ಹೇಳೋಕಾಗಲ್ಲ.

ಆ ರಾತ್ರಿ ಊಟ ಆದ ಮೇಲೆ ನೋಟ್‌ಬುಕ್ ತೆಗೆದು ಕೂತೆ. ಇಂಜಿನ್ ಚೆನ್ನಾಗಿದೆ ಅಂದುಕೊಂಡರೆ ಇಷ್ಟು, ಹೆಡ್ ಕೆಲಸ ಬೇಕಾದರೆ ಇಷ್ಟು, ಇಂಜಿನ್ ಪೂರ್ತಿ ಹೋಗಿದ್ದರೆ ಇಷ್ಟು. ಮೂರು ಮೊತ್ತ ಬಂತು. ಮೊದಲನೆಯದನ್ನು ನೋಡಿದಾಗ ಕಾರು ಅಗ್ಗ ಅನ್ನಿಸುತ್ತದೆ. ಆ ಮೊತ್ತದ ಮೇಲೆ ಗೆರೆ ಎಳೆದೆ. ಎರಡನೆಯದರ ಮೇಲೂ ಎಳೆದೆ. ನಿಂತ ಕಾರು ಕೊಳ್ಳುವಾಗ ಇಂಜಿನ್ ಸತ್ತಿದೆ ಅಂತಲೇ ಬೆಲೆ ಕಟ್ಟಬೇಕು ಅನ್ನೋದು ನನ್ನ ಗಟ್ಟಿ ನಂಬಿಕೆ. ಕಾಣದ ಇಂಜಿನ್‌ಗೆ ಒಂದು ಪೈಸೆಯನ್ನೂ ಸೇರಿಸಬಾರದು. ಆ ಬೆಲೆಗೂ ಕಾರು ಬೇಕು ಅನ್ನಿಸಿದರೆ ಕೊಳ್ಳಬಹುದು. ಅನ್ನಿಸದಿದ್ದರೆ ನಾವು ಕೊಳ್ಳುತ್ತಿರುವುದು ಕಾರನ್ನಲ್ಲ, ಬರೀ ಆಸೆಯನ್ನು. ಆಮೇಲೆ ಹೆಡ್ ಬಿಚ್ಚಿದ ದಿನ ಆ ಆಸೆ ಮುರಿದರೆ ಕಾರಿನ ಮೇಲೆ ಕೋಪ ಬರುತ್ತದೆ. ಹಾಗೆ ಕೋಪ ಬಂದು ಅರ್ಧಕ್ಕೆ ಬಿಟ್ಟ ಕಾರುಗಳನ್ನು ನಾನು ನೋಡಿದ್ದೇನೆ. ಡಬ್ಬಿಗಳಲ್ಲಿ ಬೋಲ್ಟು, ಮೂಲೆಯಲ್ಲಿ ಹೆಡ್. ಮುಟ್ಟದೆ ಬಿಟ್ಟ ಕಾರಿಗಿಂತ ಅವುಗಳ ಗತಿ ಕೆಟ್ಟದ್ದು.

ಗಂಡ ಪಕ್ಕದಲ್ಲಿ ಕೂತು ಎಲ್ಲ ನೋಡಿದ. "ದುಡ್ಡಿನ ಲೆಕ್ಕ ಸರಿ ಇದೆ. ಭಾನುವಾರದ ಲೆಕ್ಕ ಎಲ್ಲಿ?" ಅಂದ.

ಅದನ್ನು ನಾನು ಬರೆದಿರಲಿಲ್ಲ. ಬರೆದೆ. ವಾರಕ್ಕೆ ಒಂದು ದಿನ, ಅದರಲ್ಲಿ ನಿಜವಾಗಿ ಕೆಲಸಕ್ಕೆ ಸಿಗುವುದು ಐದು ತಾಸು. ಬೆಲ್ಟು, ವಾಟರ್ ಪಂಪು, ಸೀಲು, ಹೆಡ್ಡು, ಪೆಟ್ರೋಲ್ ಲೈನು, ಬ್ರೇಕು, ಕ್ಲಚ್ಚು, ವೈರಿಂಗ್. ಕೂಡಿಸಿದರೆ ಎರಡು ವರ್ಷ. ಅದೂ ಒಳಗೆ ಹೊಸದೇನೂ ಕಾಣದಿದ್ದರೆ. ಎರಡು ವರ್ಷ ಷೆಡ್ಡಿನ ಅರ್ಧ ಜಾಗ ಇದಕ್ಕೇ. ಮನೆಯ ಕಾರು ಹೊರಗೆ ನಿಲ್ಲಬೇಕು. ಅವನು "ನಿಲ್ಲಲಿ ಬಿಡು" ಅಂದ. ಅಷ್ಟು ಸುಲಭಕ್ಕೆ ಅನ್ನುತ್ತಾನೆ ಅಂತ ನಾನು ಅಂದುಕೊಂಡಿರಲಿಲ್ಲ.

ಮಾರನೇ ದಿನ ಒಡತಿಗೆ ಫೋನ್ ಮಾಡಿದೆ. ಅವರು ಕೇಳಿದ್ದಕ್ಕಿಂತ ಅರ್ಧಕ್ಕೂ ಕಡಿಮೆ ನನ್ನ ಬೆಲೆ. ಹೇಳೋಕೆ ಕಷ್ಟವಾಯಿತು. ಸುಮ್ನೆ ಅಂಕಿ ಹೇಳಿ ಬಿಡಲಿಲ್ಲ. ಕೂಲೆಂಟಿನ ಕೆನೆ, ಮೂರನೇ ಸಿಲಿಂಡರ್, ಬೆಲ್ಟು, ಮೀಟರ್, ಎಲ್ಲ ಒಂದೊಂದಾಗಿ ಹೇಳಿದೆ. "ನೀವು ಬೇರೆಯವರಿಗೆ ಕೊಟ್ಟರೂ ನನಗೆ ಬೇಜಾರಿಲ್ಲ. ಆದರೆ ಯಾರೇ ಬಂದರೂ ಸೆಲ್ಫ್ ಹೊಡೆಯೋಕೆ ಬಿಡಬೇಡಿ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಕೇಳಿದರು. "ಇದನ್ನ ಓಡಿಸ್ತೀರಾ, ಬಿಚ್ಚಿ ಮಾರ್ತೀರಾ?"

"ಓಡಿಸ್ತೀನಿ. ಎಷ್ಟು ದಿನ ಆಗುತ್ತೋ ಗೊತ್ತಿಲ್ಲ."

"ಓಡಿದ ದಿನ ಒಂದು ಸಲ ಈ ಕಡೆ ತನ್ನಿ. ನಾನು ಪಕ್ಕದ ಸೀಟಲ್ಲಿ ಕೂತ್ಕೋತೀನಿ, ಸಾಕು" ಅಂದರು.

ಕಳೆದ ಶನಿವಾರ ಟ್ರೈಲರ್ ಬಂತು. ಹಿಂದಿನ ಎಡ ಚಕ್ರ ಕಚ್ಚಿಕೊಂಡೇ ಇತ್ತು. ನೆಲದ ಮೇಲೆ ಉದ್ದಕ್ಕೆ ಕಪ್ಪು ಗೆರೆ ಎಳೆಯುತ್ತಾ ಹತ್ತಿತು. ಒಡತಿಯ ತಮ್ಮನೇ ಹಿಂದಿನಿಂದ ತಳ್ಳಿದರು. ಈಗ ಕಾರು ನಮ್ಮ ಷೆಡ್ಡಿನಲ್ಲಿದೆ. ಒದ್ದೆ ಕಾರ್ಪೆಟ್ ಕಿತ್ತು ಬಿಸಿಲಿಗೆ ಹಾಕಿದ್ದೇನೆ. ಇಲಿ ಗೂಡು ತೆಗೆದಾಯಿತು. ಎರಡು ಬೆಲ್ಟು, ವಾಟರ್ ಪಂಪು, ಆಯಿಲ್ ಕೂಲರಿನ ಸೀಲುಗಳು ಬರಬೇಕು, ಹೇಳಿ ಇಟ್ಟಿದ್ದೇನೆ. ಅವು ಬಂದರೂ ಮೊದಲು ಹೆಡ್ ಬಿಚ್ಚಿ ಮೂರನೆಯದರ ವಾಲ್ವ್ ನೋಡಬೇಕು.

ಅಲ್ಲಿವರೆಗೆ ಯಾರೂ ಆಸೆಗೆ ಒಂದು ಸಲ ತಿರುಗಿಸಿಬಿಡಬಾರದು ಅಂತ ಅಪ್ಪ ಕೀಯನ್ನು ತಮ್ಮ ಅಂಗಿ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ.